ವಿಲ್‌ಗೆ ನೋಟರಿ ಸೀಲು ಸಾಲದು, ಸಾಕ್ಷಿ ಬೇಕು

ಸಂಪಾದಕರೇ,

ವಿಲ್ ಬರೆಸಿ ನೋಟರಿ ಸೀಲು ಹಾಕಿಸಿಬಿಟ್ಟರೆ ಮುಂದೆ ಯಾವ ತಕರಾರೂ ಬರಲ್ಲ ಅಂತ ಬಹಳ ಜನ ನಂಬಿದ್ದಾರೆ. ಇದು ತಪ್ಪು ನಂಬಿಕೆ.

ನಮ್ಮ ಬೀದಿಯ ಹಿರಿಯರೊಬ್ಬರು ಬರೆಸಿದ್ದ ವಿಲ್ ಈಗ ಕೋರ್ಟ್ ಮೆಟ್ಟಿಲೇರಿದೆ. ಅದರ ನಕಲು ನೋಡಿದೆ. ಛಾಪಾ ಕಾಗದ, ದುಂಡನೆಯ ಸೀಲು, ನೋಟರಿ ಸಹಿ ಎಲ್ಲ ಇದೆ. ‘ಸಾಕ್ಷಿಗಳು’ ಅನ್ನುವ ಕಡೆ ಮಾತ್ರ ಎರಡು ಗೀಚು. ಹೆಸರಿಲ್ಲ, ವಿಳಾಸವಿಲ್ಲ. ಅವತ್ತು ಅಲ್ಲೇ ಹೊರಗೆ ನಿಂತಿದ್ದವರನ್ನು ಕರೆದು ಸಹಿ ಹಾಕಿಸಿದ್ದಂತೆ. ಈಗ ಅವರನ್ನು ಎಲ್ಲಿ ಅಂತ ಹುಡುಕುವುದು?

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ನೋಟರಿಯನ್ನಲ್ಲ, ಕನಿಷ್ಠ ಇಬ್ಬರು ಸಾಕ್ಷಿಗಳನ್ನು (ಮುಸ್ಲಿಮರಿಗೆ ನಿಯಮ ಬೇರೆ). ವಿಲ್ ಬರೆಸಿದವರು ಸಹಿ ಹಾಕಿದ್ದನ್ನು ಈ ಸಾಕ್ಷಿಗಳು ನೋಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಅಂತ ಬರೆಸಿದವರ ಬಾಯಿಂದಲೇ ಕೇಳಿರಬೇಕು, ಆಮೇಲೆ ಅವರ ಎದುರಿಗೇ ತಾವೂ ಸಹಿ ಹಾಕಬೇಕು. ವಿಲ್ ಒಳಗೆ ಏನಿದೆ ಅಂತ ಸಾಕ್ಷಿಗೆ ಗೊತ್ತಿರಬೇಕಾಗಿಲ್ಲ. ಇದು ತಿಳಿಯದೆ ಎಷ್ಟೋ ಜನ ಸುಮ್ನೆ ಹೆದರಿ ಹಿಂದೆ ಸರಿಯುತ್ತಾರೆ. ನಾಳೆ ಕೋರ್ಟಿನಲ್ಲಿ ಒಬ್ಬ ಸಾಕ್ಷಿಯಾದರೂ ಪ್ರಮಾಣ ಮಾಡಿ ಇದನ್ನೆಲ್ಲ ಹೇಳಬೇಕು, ಪಾಟಿ ಸವಾಲಿಗೂ ನಿಲ್ಲಬೇಕು. ಇಬ್ಬರೂ ತೀರಿಕೊಂಡಿದ್ದರೆ ಸಹಿ ಗುರುತಿಸಬಲ್ಲವರನ್ನು ಕರೆಸುವ ದಾರಿ ಇದೆ, ಆದರೆ ಸಾಕ್ಷಿ ಯಾರು ಅಂತಲೇ ಗೊತ್ತಿಲ್ಲದಿದ್ದರೆ ಯಾರನ್ನು ಕರೆಸುತ್ತೀರಿ?

ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಕ್ಷಿಗಳು ನೋಟರಿ ಮುಂದೆ ಅಫಿಡವಿಟ್ ಮಾಡಿಟ್ಟರೆ ಸಾಮಾನ್ಯವಾಗಿ ಮತ್ತೆ ಅವರನ್ನು ಕೋರ್ಟಿಗೆ ಕರೆಸುವುದಿಲ್ಲ. ಅಲ್ಲಿರುವ ಮಕ್ಕಳು ಇಲ್ಲೂ ಹಾಗೇ ಅಂದುಕೊಂಡು ಅಪ್ಪ ಅಮ್ಮನಿಗೆ ಸಲಹೆ ಕೊಡುತ್ತಾರೆ. ಇಲ್ಲಿ ಅದು ನಡೆಯಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದೇ, ಆದರೂ ಸಾಕ್ಷಿಯ ಕೆಲಸ ತಪ್ಪುವುದಿಲ್ಲ.

ಇನ್ನೊಂದು ಮಾತು. ಆಸ್ತಿ ಪಡೆಯುವ ಮಗನೇ ಮುಂದೆ ನಿಂತು ವಿಲ್ ಬರೆಸಬಾರದು. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಹೇಳಿದೆ: ಲಾಭ ಪಡೆಯುವವರೇ ಓಡಾಡಿ ಮಾಡಿಸಿದ ವಿಲ್ ಅನುಮಾನಕ್ಕೆ ಎಡೆ ಕೊಡುತ್ತದೆ, ಆ ಅನುಮಾನ ಕಳೆಯುವ ಹೊಣೆಯೂ ಅವರದೇ. ಇವತ್ತಿಗೂ ವಕೀಲರು ಅದೇ ತೀರ್ಪು ಎತ್ತಿ ವಾದಿಸುತ್ತಾರೆ.

ವಯಸ್ಸಿನಲ್ಲಿ ತಮಗಿಂತ ಚಿಕ್ಕವರನ್ನು, ಪರಿಚಯದವರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಸಾಕ್ಷಿ ಮಾಡಿಕೊಳ್ಳಿ. ಪೂರ್ತಿ ಹೆಸರು, ವಿಳಾಸ ಬರೆಸಿ. ವಿಲ್ ಬರೆಸುವವರಿಗೆ ತುಂಬಾ ವಯಸ್ಸಾಗಿದ್ದರೆ ಬುದ್ಧಿ ಸ್ಥಿಮಿತದಲ್ಲಿದೆ ಅನ್ನುವ ಡಾಕ್ಟರ ಸರ್ಟಿಫಿಕೇಟೂ ಜೊತೆಗಿರಲಿ. ಇದಕ್ಕೆಲ್ಲ ಜಾಸ್ತಿ ಖರ್ಚೇನೂ ಇಲ್ಲ, ಅಲ್ವಾ? ಪತ್ರ ಬರಹಗಾರರು, ನೋಟರಿಗಳು ದುಡ್ಡು ತೆಗೆದುಕೊಳ್ಳುವ ಮೊದಲೇ ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆ ಮೇಲೂ ಕನ್ನಡದಲ್ಲಿ ಒಂದು ಫಲಕ ಹಾಕಿಸಲಿ ಅಂತ ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

– ಓದುಗ, ಮೈಸೂರು