ಶನಿವಾರದ ವಿಜ್ಞಾನ ಪ್ರದರ್ಶನ: ಪೂರ್ತಿ ಓದ್ರಿ

ಎಲ್ಲಾ ಎಂ.ಎಸ್ಸಿ., ಪಿಎಚ್.ಡಿ. ಗೆಳೆಯರಿಗೆ: ಶನಿವಾರ ಬೆಳಿಗ್ಗೆ 7ಕ್ಕ ಗಾಡಿ ಧಾರವಾಡ ಬಿಡತದ. ಮೊದಲ ಪ್ರದರ್ಶನ ಅಣ್ಣಿಗೇರಿ, ಊಟ ಆದಮ್ಯಾಲೆ ಗದಗ.

ಶುಕ್ರವಾರ ಸಂಜೆ 5ಕ್ಕ ತಾಲೀಮು, ತಪ್ಪಿಸಬ್ಯಾಡ್ರಿ. ಒಬ್ಬೊಬ್ಬರಿಗೆ ಐದು ನಿಮಿಷ, ಪಿಪಿಟಿ ಇಲ್ಲ. ಬಲೂನು ದ್ರವ ನೈಟ್ರೋಜನ್‌ನೊಳಗ ಮುದುಡಿದ ಕೂಡಲೇ ಚಾರ್ಲ್ಸ್ ನಿಯಮ (ತಣ್ಣಗಾದರ ಅನಿಲ ಕುಗ್ಗತದ ಅನ್ನೋದು) ಶುರು ಮಾಡಬ್ಯಾಡ್ರಿ. "ಗಾಳಿ ಎಲ್ಲಿ ಹೋತು?" ಅಂತ ಕೇಳಿ ಸುಮ್ಮನ ನಿಲ್ರಿ. ಹುಡುಗರು "ಸೋರಿ ಹೋತು" ಅಂದರ ಬಲೂನು ಹೊರಗ ತೆಗೀರಿ. ಅದು ತಾನ ಉಬ್ಬತದ. ಉತ್ತರ ಹೇಳೂ ಅವಸರ ನಮಗ ಭಾಳ (ಪಿಎಚ್.ಡಿ.ಯವರಿಗೆ ಇನ್ನೂ ಜಾಸ್ತಿ!).

ನೈಟ್ರೋಜನ್ ಮೈನಸ್ 196 ಡಿಗ್ರಿ ಇರತದ. ಕ್ಯಾನು ಬೇರೆ ಗಾಡಿಯೊಳಗ ಬರತದ, ಮುಚ್ಚಳ ಬಿಗಿ ಮಾಡಬಾರದು. ಕನ್ನಡಕ, ಕೈಗವಸು ಇಲ್ಲದವರು ವೇದಿಕೆ ಹತ್ತಬ್ಯಾಡ್ರಿ. ಬರೋರು ಗುರುವಾರದೊಳಗ ಇಲ್ಲೇ ಹೆಸರು ಹಾಕ್ರಿ.