ನಮಗೆ ಕಟ್ಟಡ ಬೇಡ, ಲೆಕ್ಕ ಇಡುವ ಇಬ್ಬರು ಬೇಕು

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ಮಾನ್ಯರೇ, ನಮಸ್ಕಾರ.

ನಿಮ್ಮ ಮೇಜಿನ ಮೇಲೆ ರಸ್ತೆ, ಶಾಲಾ ಕೋಣೆ, ಸಮುದಾಯ ಭವನ ಕೇಳುವ ಅರ್ಜಿಗಳು ರಾಶಿ ಬಿದ್ದಿರುತ್ತವೆ. ಅವೆಲ್ಲ ಬೇಕಾದವೇ. ನಾನು ಕೇಳಲು ಹೊರಟಿರುವುದು ಅದಕ್ಕಿಂತ ತೀರಾ ಕಡಿಮೆ ದುಡ್ಡಿನದು. ತೊಂದರೆ ಏನೆಂದರೆ, ಇದಕ್ಕೆ ಗುದ್ದಲಿಪೂಜೆ ಮಾಡಲು ಬರುವುದಿಲ್ಲ, ಟೇಪು ಕತ್ತರಿಸಲೂ ಬರುವುದಿಲ್ಲ. ಅದಕ್ಕೇ ಅರ್ಜಿ ಕೊಡುವ ಬದಲು ಎಲ್ಲರ ಮುಂದೆ ಪತ್ರ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನಲ್ಲಿ ಭೂಗೋಳ ಪಾಠ ಮಾಡುವ ಕಾಲೇಜು ಮೇಷ್ಟ್ರು. ಒಂದು ವರ್ಷದಿಂದ ರಾಯಚೂರು, ಕೊಪ್ಪಳ, ಬಳ್ಳಾರಿಯ ಒಂದಷ್ಟು ಜನ ಸೇರಿಕೊಂಡು ನಮ್ಮ ಭಾಗದ ಮಳೆ, ಬಿಸಿಲು, ನೀರಿನ ಲೆಕ್ಕವನ್ನು ಒಂದೆಡೆ ತರುತ್ತಿದ್ದೇವೆ. ಪಿಎಚ್‌.ಡಿ. ಮಾಡುತ್ತಿರುವ ಹುಡುಗ ಹುಡುಗಿಯರಿದ್ದಾರೆ, ಹೈಸ್ಕೂಲ್ ವಿಜ್ಞಾನ ಮೇಷ್ಟ್ರುಗಳಿದ್ದಾರೆ, ನಿವೃತ್ತ ನೀರಾವರಿ ಎಂಜಿನಿಯರ್ ಇದ್ದಾರೆ, ರೈತರಿದ್ದಾರೆ. ಶುರುವಾದಾಗ ಹೋಟೆಲ್‌ನ ಒಂದು ಟೇಬಲ್ ಸುತ್ತ ಕೂರುವಷ್ಟು ಜನ. ಈಗ ಮೂರೂ ಜಿಲ್ಲೆಯ ಹೆಚ್ಚೂಕಡಿಮೆ ಎಲ್ಲ ತಾಲ್ಲೂಕಿನವರೂ ಇದ್ದಾರೆ. ಬಳಗಕ್ಕೆ ಹೆಸರಿಲ್ಲ, ನೋಂದಣಿ ಇಲ್ಲ. ಇರುವುದು ಒಂದು ವಾಟ್ಸಾಪ್ ಗುಂಪು, ಎಲ್ಲರೂ ತುಂಬುವ ಒಂದು ಎಕ್ಸೆಲ್ ಹಾಳೆ, ಆಗಾಗ ಯಾವುದಾದರೂ ಊರಲ್ಲಿ ಸೇರಿ ಜಗಳಾಡುವ ಅಭ್ಯಾಸ.

ನಮ್ಮ ಭಾಗದ ಕಷ್ಟ ನಿಮಗೆ ಗೊತ್ತಿಲ್ಲದ್ದಲ್ಲ. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಈ ಸೀಮೆ ಬರಕ್ಕೂ ಹೆಸರುವಾಸಿ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಊರೂರನ್ನೇ ಮುಳುಗಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಎಂದು ಸರ್ಕಾರವೇ ಘೋಷಿಸಿತು. ಮರುವರ್ಷ ತುಂಗಭದ್ರಾ ಡ್ಯಾಮ್ ತುಂಬಿತು ಎಂದು ಖುಷಿಪಡುವ ಹೊತ್ತಿಗೆ, ಆಗಸ್ಟ್ 10ರ ರಾತ್ರಿ, 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. 2025ರಲ್ಲಿ ಗೇಟುಗಳ ಸ್ಥಿತಿ ನೋಡಿ ಜಲಾಶಯವನ್ನು ಪೂರ್ತಿ ತುಂಬಿಸಲಿಲ್ಲ, ಎರಡನೇ ಬೆಳೆಗೆ ನೀರಿಲ್ಲ ಎಂದರು. ಗೇಟು ಹವಾಮಾನದ ವಿಷಯ ಅಲ್ಲ, ಒಪ್ಪುತ್ತೇನೆ. ಆದರೆ ಹೂಳು? 133 ಟಿಎಂಸಿ ನೀರಿಗೆಂದು ಕಟ್ಟಿದ ಜಲಾಶಯದಲ್ಲಿ ಈಗ ಹಿಡಿಯುವುದು 105 ಚಿಲ್ಲರೆ. ಹದವಾಗಿ ಬರುವ ಮಳೆ ಬಿಟ್ಟು ಒಮ್ಮೆಲೇ ಸುರಿಯುವ ಮಳೆ ಜಾಸ್ತಿಯಾದರೆ ಮೇಲಿನ ಮಣ್ಣೂ ಬೇಗ ಬರುತ್ತದೆ, ಬಂದ ನೀರು ಇಡಲು ಜಾಗವೂ ಇರುವುದಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಸಂಶೋಧನೆ ಇಲ್ಲ ಅಂದರೆ ತಪ್ಪಾಗುತ್ತದೆ. ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಶುರುವಾಗಿದ್ದು 1954ರಲ್ಲಿ, ತುಂಗಭದ್ರಾ ಡ್ಯಾಮ್ ಎದ್ದು ನಿಂತ ಆಸುಪಾಸಿನಲ್ಲೇ. ರಾಯಚೂರು ಕೃಷಿ ವಿಶ್ವವಿದ್ಯಾಲಯ 2009ರಿಂದ ಇದೆ. ಹಗರಿ, ಸಿರುಗುಪ್ಪ, ಗಂಗಾವತಿಗಳಲ್ಲಿ ಅದರ ಸಂಶೋಧನಾ ಕೇಂದ್ರಗಳಿವೆ. ನೀರು ಹೆಚ್ಚಾಗಿ ಸವುಳಾದ ನೆಲವನ್ನು ಮತ್ತೆ ಬೆಳೆಗೆ ತರುವುದು ಹೇಗೆಂದು ಗಂಗಾವತಿಯವರು ಬಹಳ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಬೆಂಗಳೂರಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿಗಳಲ್ಲಿ ಟೆಲಿಮೆಟ್ರಿಕ್ ಮಳೆಮಾಪಕ ಕೂರಿಸಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಅಲ್ಲಿಗೆ ಹೋಗುತ್ತದೆ.

ಇಲ್ಲದಿರುವುದು ಇವೆಲ್ಲವನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಜಾಗ. ಮಣ್ಣಿನವರ ಕಪಾಟು ಬೇರೆ, ಬೆಳೆಯವರ ಕಪಾಟು ಬೇರೆ. ನೀರಾವರಿಯವರದು ಇನ್ನೊಂದೇ ಲೋಕ. ಡ್ಯಾಮಿನ ಒಳಹರಿವು, ಹೊರಹರಿವು ದಿನಾ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಬರುತ್ತದೆ. ಆದರೆ ಎಡದಂಡೆ ಕಾಲುವೆಯ 104ನೇ ಮೈಲಿನಲ್ಲಿ ಹೋದ ವರ್ಷ ಇದೇ ವಾರ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿತ್ತು, ಆಗ ಮಾನ್ವಿ, ಸಿರವಾರ ಕಡೆ ಮಳೆ ಎಷ್ಟಿತ್ತು, ಬಿಸಿಲು ಎಷ್ಟಿತ್ತು ಎಂದು ಒಟ್ಟಿಗೆ ಕೇಳಿ ನೋಡಿ. ಒಂದೇ ಕಡೆ ಉತ್ತರ ಸಿಗುವುದಿಲ್ಲ. ಕೊನೆ ಭಾಗದ ರೈತರು ಪ್ರತಿ ವರ್ಷ ರಸ್ತೆಗೆ ಇಳಿಯುವುದು ಈ ಒಂದು ಗೇಜಿನ ವಿಷಯಕ್ಕೆ, ಅಲ್ವಾ?

ನಮ್ಮ ಬಳಗದ ಮೊದಲ ಕೆಲಸ ಮಳೆಮಾಪಕದಿಂದಲೇ ಶುರುವಾಯಿತು. ಕೆಲವು ಹೈಸ್ಕೂಲುಗಳಲ್ಲಿ ಕೈಯಲ್ಲಿ ಅಳೆಯುವ ಹಳೇ ಮಾದರಿಯ ಮಾಪಕ ಇಟ್ಟೆವು. ಬೆಳಿಗ್ಗೆ ಎಂಟೂವರೆಗೆ ಮಕ್ಕಳು ನೋಡಿ ಬರೆಯುತ್ತಾರೆ. ಹವಾಮಾನ ಇಲಾಖೆಯ ದಿನವೂ ಎಂಟೂವರೆಗೇ ಮುಗಿಯುತ್ತದೆ, ಹಾಗಾಗಿ ಹೋಲಿಸುವುದು ಸುಲಭ. ಸಣ್ಣ ಮಳೆಯಲ್ಲಿ ಮಕ್ಕಳ ಲೆಕ್ಕವೂ ಹತ್ತಿರದ ಟೆಲಿಮೆಟ್ರಿಕ್ ಲೆಕ್ಕವೂ ಕೂಡಿ ಬಂದವು. ಗುಡುಗು ಸಿಡಿಲಿನ ದಪ್ಪ ಮಳೆಯಲ್ಲಿ ಬೇರೆಯಾದವು.

ಇದರಲ್ಲಿ ಯಾರ ಮೋಸವೂ ಇಲ್ಲ. ಆ ಯಂತ್ರದೊಳಗೆ ಎರಡು ಪುಟ್ಟ ಬಟ್ಟಲುಗಳು ತಕ್ಕಡಿಯ ಹಾಗೆ ಕೂತಿರುತ್ತವೆ. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಮಗುಚಿತು ಎನ್ನುವುದೇ ಮಳೆಯ ಲೆಕ್ಕ. ಜೋರು ಮಳೆಯಲ್ಲಿ ಬಟ್ಟಲು ಮಗುಚುವಷ್ಟರಲ್ಲೇ ಒಂದಿಷ್ಟು ನೀರು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ಜೊತೆಗೆ ನಮ್ಮ ಕಡೆಯ ದೂಳು, ಗುಬ್ಬಿ ಹಿಕ್ಕೆ, ಇರುವೆ ಗೂಡು. ಬಾಯಿ ಕಟ್ಟಿಕೊಂಡರೆ ಮಳೆ ಬಂದರೂ ಲೆಕ್ಕ ಸೊನ್ನೆ. ಇನ್ನು ಮಳೆಯೇ ಹಾಗೆ ಬರುತ್ತದೆ. ಊರ ಈಚೆ ಹೊಲ ತೋಯ್ದರೆ ಆಚೆ ಹೊಲದಲ್ಲಿ ದೂಳು.

ಕೆಲವು ಮಿಲಿಮೀಟರ್‌ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಕೊಪ್ಪಳದ ದಾಳಿಂಬೆ ಬೆಳೆಗಾರರನ್ನು ಕೇಳಿ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಹೊಲಕ್ಕೆ ಯಾರೂ ಬಂದು ಬೆಳೆ ನೋಡುವುದಿಲ್ಲ. ಮಾಪಕ ಏನು ಹೇಳಿತೋ ಅದರ ಮೇಲೆ ಪರಿಹಾರ. ಮಾಪಕದ ಮೇಲೆ ಬೇವಿನ ಕೊಂಬೆ ಬಾಗಿದ್ದರೆ ಆ ಕೊಂಬೆಯೇ ಇಡೀ ಪಂಚಾಯ್ತಿಯ ವಿಮೆ ತೀರ್ಮಾನ ಮಾಡಿದ ಹಾಗೆ. ಬೆಂಗಳೂರಿನಲ್ಲಿ ಕೂತವರಿಗೆ ನಕಾಶೆಯಲ್ಲಿ ಹಸಿರು, ಹಳದಿ, ಕೆಂಪು ಕಾಣುತ್ತದೆ. ಕೊಂಬೆ ಕಾಣುವುದಿಲ್ಲ. "ಬೆಂಗಳೂರಿನಲ್ಲಿ ಎಲ್ಲ ಇದೆಯಲ್ಲ, ಇಲ್ಲೇಕೆ ಮತ್ತೊಂದು" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ವರ್ಷ ಕಳೆದಂತೆ ಜಗಳಗಳೂ ಬೆಳೆದವು. ಕೆಲವು ಒಳ್ಳೆಯವು. ಪಿಎಚ್‌.ಡಿ. ಹುಡುಗರು ವರ್ಷವನ್ನು 52 ವಾರ ಮಾಡಿಕೊಂಡು ಮಳೆ ಲೆಕ್ಕ ಹಾಕುತ್ತಾರೆ. ರೈತರು ಮಿರಗ, ಆರಿದ್ರಾ, ಹುಬ್ಬಿ, ಉತ್ತರಿ ಎನ್ನುತ್ತಾರೆ. "23ನೇ ವಾರ ಅಂದ್ರ ನನಗೇನು ತಿಳೀಬೇಕು, ಮಿರಗ ಹೆಂಗಿತ್ತು ಹೇಳು" ಎಂದು ಮಾನ್ವಿ ಕಡೆಯ ಹಿರಿಯರೊಬ್ಬರು ಸಭೆಯಲ್ಲೇ ಎದ್ದು ನಿಂತರು. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನದ್ದು. ಹಾಳೆಯಲ್ಲಿ ಇನ್ನೊಂದು ಕಾಲಮ್ ಹಾಕಿದರೆ ಆಯಿತು, ಹಾಕಿದೆವು. ಅವತ್ತಿನಿಂದ ರೈತರು ತಮ್ಮ ಹಳೇ ಡೈರಿ, ಬಿತ್ತನೆ ಲೆಕ್ಕದ ಪುಸ್ತಕ ತಂದು ಕೊಡಲು ಶುರು ಮಾಡಿದರು. ಅಲ್ಲಿಯವರೆಗೆ ಸುಮ್ನೆ ಬಂದು ಚಹಾ ಕುಡಿದು ಹೋಗುತ್ತಿದ್ದರು.

ಇನ್ನು ಕೆಲವು ಜಗಳ ಬಗೆಹರಿದಿಲ್ಲ. ಕಷ್ಟಪಟ್ಟು ಸೇರಿಸಿದ ಅಂಕಿ ಅಂಶ ಹಂಚಿದರೆ ಬೇರೆಯವರು ಮೊದಲೇ ಪ್ರಬಂಧ ಬರೆದುಬಿಟ್ಟರೆ ಎಂಬ ಭಯ ವಿದ್ಯಾರ್ಥಿಗಳಿಗೆ ಇದೆ. ಆ ಭಯ ಸುಳ್ಳಲ್ಲ. ಶಕ್ತಿನಗರ, ಕುಡಿತಿನಿಯ ಶಾಖೋತ್ಪನ್ನ ಸ್ಥಾವರಗಳ ಹೊಗೆ, ಬೂದಿಯನ್ನೂ ನಮ್ಮ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ನಡೆದಿದೆ. ಸೇರಿಸಬೇಕು ಎನ್ನುವವನು ನಾನು. ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆ ಕರೆಂಟು ಕೊಡುವುದೂ ನಾವೇ, ಬಿಸಿಲಿಗೆ ಮೊದಲು ಬೇಯುವುದೂ ನಾವೇ.

ಎಲ್ಲಕ್ಕಿಂತ ಉಪಯೋಗವಾಗಿದ್ದು ಭತ್ತದ ವಿಷಯದಲ್ಲಿ. ಭತ್ತ ಹೂ ಬಿಡುವಾಗ ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಸಾಯುತ್ತದೆ, ಕಾಳು ಜೊಳ್ಳಾಗುತ್ತದೆ. ಇದು ಪುಸ್ತಕದಲ್ಲೇ ಇದೆ. ಬೇಸಿಗೆ ಬೆಳೆಗೆ ನೀರು ತಡವಾಗಿ ಬಿಟ್ಟರೆ ನಾಟಿ ತಡ, ಹೂವು ತಡ, ಆಗ ನೇರ ಏಪ್ರಿಲ್ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಕಾಲುವೆಗೆ ನೀರು ಬಿಟ್ಟ ತಾರೀಖು ನೀರಾವರಿಯವರ ಹತ್ತಿರ, ಬಿಸಿಲಿನ ಲೆಕ್ಕ ಹವಾಮಾನದವರ ಹತ್ತಿರ, ಜೊಳ್ಳಿನ ಲೆಕ್ಕ ರೈತನ ಕಣದಲ್ಲಿ. ಮೂರೂ ಒಂದೇ ಹಾಳೆಗೆ ಬಂದ ಮೇಲೆ ಸಿರುಗುಪ್ಪದವರೂ ಗಂಗಾವತಿಯವರೂ ಒಂದೇ ಮಾತು ಆಡತೊಡಗಿದರು. ಕೂರಿಗೆ ಭತ್ತ, ಅಂದರೆ ನಾಟಿ ಮಾಡದೆ ನೇರ ಬಿತ್ತುವ ಭತ್ತ, ಹಾಕಿದವರ ನೀರಿನ ಲೆಕ್ಕವನ್ನೂ ಈ ಸಲ ಸೇರಿಸುತ್ತಿದ್ದೇವೆ. ನಾಟಿಗೆಂದು ಗದ್ದೆ ತುಂಬಾ ನೀರು ನಿಲ್ಲಿಸುವ ಕೆಲಸವೇ ಅದರಲ್ಲಿ ಇಲ್ಲ. ನೀರು ಉಳಿಯುತ್ತದೆ, ನಿಂತ ನೀರಿನಿಂದ ಏಳುವ ಮೀಥೇನ್ ಅನಿಲವೂ ಕಡಿಮೆ. ಕಳೆ ಮಾತ್ರ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ.

ಇದೆಲ್ಲ ಬಿಡುವಿನ ವೇಳೆಯಲ್ಲಿ, ಕೈಯಿಂದ ಪೆಟ್ರೋಲ್ ಹಾಕಿಕೊಂಡು ಆದ ಕೆಲಸ. ಹೀಗೆ ಹೆಚ್ಚು ದಿನ ನಡೆಯುವುದಿಲ್ಲ. ಹುಡುಗರಿಗೆ ಕೆಲಸ ಸಿಕ್ಕಿದ ದಿನ ಬಿಟ್ಟು ಹೋಗುತ್ತಾರೆ, ಹೋಗಲೇಬೇಕು. ಒಂದು ಕಚೇರಿಯಲ್ಲಿ ಹಳೇ ಮಳೆ ರಿಜಿಸ್ಟರ್ ನೋಡಲು ಕೇಳಿದ್ದಕ್ಕೆ "ನೀವು ಯಾವ ಸಂಸ್ಥೆ" ಎಂದರು. ಹೇಳಲು ಹೆಸರಿರಲಿಲ್ಲ. ವಾಪಸು ಬಂದೆವು.

2024ರ ಮಾರ್ಚ್‌ನಲ್ಲಿ ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಿದರು. ಒಂದೊಂದು ಘಟಕದಲ್ಲಿ ಇದ್ದದ್ದು ಒಬ್ಬ ತಜ್ಞ, ಒಬ್ಬ ವೀಕ್ಷಕ. ಎರಡು ಸಂಬಳ ಉಳಿಸಲು ಒಂದು ಜಿಲ್ಲೆಯ ಕಣ್ಣು ಮುಚ್ಚಿದ ಹಾಗಾಯಿತು ಎಂದು ನನಗನ್ನಿಸುತ್ತದೆ. ಆ ತೀರ್ಮಾನ ನಿಮ್ಮದಲ್ಲ, ದೆಹಲಿಯದು. ಆದರೆ ಅಲ್ಲಿ ಮುಚ್ಚಿದ್ದನ್ನು ಇಲ್ಲಿ ತೆರೆಯಲು, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ನಮಗೆ ದಾರಿ ಕೊಟ್ಟಿದೆ.

ಮಂಡಳಿಗೆ ಸರ್ಕಾರ ಬಜೆಟ್ಟಿನಲ್ಲಿ 5,000 ಕೋಟಿ ಘೋಷಿಸುತ್ತಿದೆ. ಅಕ್ಷರ ಆವಿಷ್ಕಾರ, ಆರೋಗ್ಯ ಆವಿಷ್ಕಾರ ಎಂದು ನೀವು ಕೈ ಹಾಕಿದ ಕೆಲಸಗಳನ್ನು ನೋಡಿದ್ದೇವೆ. ಹವಾಮಾನಕ್ಕೂ ಒಂದು ಸಾಲು ಇರಲಿ. ದಯವಿಟ್ಟು ಕಟ್ಟಡ ಬೇಡ. "ಹವಾಮಾನ ಭವನ" ಕಟ್ಟಿಸಿ, ಎರಡು ವರ್ಷದ ಮೇಲೆ ಬೀಗ ಹಾಕಿ, ಬಾವಲಿ ಸಾಕುವುದು ನಮಗೆ ಬೇಡ. ಮೂರು ವರ್ಷದ ಮಟ್ಟಿಗೆ ಇಬ್ಬರ ಸಂಬಳ ಕೊಡಿ. ಒಬ್ಬರು ಕೂತು ಎಲ್ಲ ಕಡೆಯ ಅಂಕಿ ಅಂಶ ಜೋಡಿಸಬೇಕು, ತಪ್ಪು ತೆಗೆಯಬೇಕು, ಯಾರು ಕೇಳಿದರೂ ಕನ್ನಡದಲ್ಲಿ ಕೊಡಬೇಕು. ಇನ್ನೊಬ್ಬರು ತಿರುಗಬೇಕು. ಮಾಪಕಗಳ ಬಾಯಿ ಸ್ವಚ್ಛ ಇದೆಯೇ ನೋಡಬೇಕು, ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಬೇಕು. ಅವರಿಗೆ ಗಾಡಿ ಖರ್ಚು. ದುಡ್ಡು ನಮ್ಮ ಬಳಗಕ್ಕೆ ಕೊಡಬೇಡಿ, ಕೃಷಿ ವಿಶ್ವವಿದ್ಯಾಲಯದ ಮೂಲಕವೇ ಹೋಗಲಿ. ಕೆಲಸ ನೋಡಿಕೊಳ್ಳುವ ಸಮಿತಿಯಲ್ಲಿ ಕಾಲುವೆ ಕೊನೆ ಭಾಗದ ರೈತರೂ ಮಳೆಯಾಶ್ರಿತ ರೈತರೂ ಇರಬೇಕು. ಅದೊಂದು ಷರತ್ತು ಹಾಕಿ.

ಸಂಬಳಕ್ಕಿಂತ ದೊಡ್ಡ ಸಹಾಯ ಇನ್ನೊಂದಿದೆ, ಅದಕ್ಕೆ ರೂಪಾಯಿಯೂ ಬೇಕಿಲ್ಲ. ಕಂದಾಯ, ಕೃಷಿ, ನೀರಾವರಿ ಇಲಾಖೆಗಳಿಗೆ ನಿಮ್ಮ ಸಹಿಯ ಒಂದು ಪತ್ರ ಹೋಗಲಿ. ಹಳೇ ಮಳೆ ರಿಜಿಸ್ಟರ್, ಉಪಕಾಲುವೆಗಳ ದಿನದ ಗೇಜ್, ನೀರು ಬಿಟ್ಟ ತಾರೀಖುಗಳನ್ನು ಸಂಶೋಧನೆಗೆ ಕೊಡಿ ಎಂದು. ನಾವು ಬರೆದರೆ ಫೈಲಿಗೆ ಹೋಗುತ್ತದೆ. ನೀವು ಬರೆದರೆ ಉತ್ತರ ಬರುತ್ತದೆ. ರೋಹಿಣಿ ಮಳೆಗೆ ಮುಂಚೆ ಆದರೆ ಈ ಮುಂಗಾರಿನ ಲೆಕ್ಕ ಮೊದಲ ದಿನದಿಂದಲೇ ಸಿಗುತ್ತದೆ.

ನಮ್ಮ ಮುಂದಿನ ಸಭೆ ಗಂಗಾವತಿಯಲ್ಲಿ, ಯುಗಾದಿ ಆದ ಮೇಲಿನ ಎರಡನೇ ಭಾನುವಾರ. ಬನ್ನಿ. ಹಾರ, ಶಾಲು ಇರುವುದಿಲ್ಲ. ಒಗ್ಗರಣಿ, ಮಿರ್ಚಿ ಇರುತ್ತದೆ. ಬರಲು ಆಗದಿದ್ದರೆ ಲೆಕ್ಕ ಓದಲು ಬರುವ ಒಬ್ಬ ಅಧಿಕಾರಿಯನ್ನು ಕಳಿಸಿಕೊಡಿ, ಹಾಳೆ ತೆರೆದು ತೋರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಸಿಂಧನೂರಿನ ಒಬ್ಬ ಭೂಗೋಳ ಮೇಷ್ಟ್ರು