ಅಪ್ಪನ ಮಾತ್ರೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಡಾಕ್ಟರಿಗೆ

ಅಪ್ಪನಿಗೆ ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಜೊತೆಗೆ ಸೋತ ಕಿಡ್ನಿ. ಒಂದೊಂದಕ್ಕೂ ಒಬ್ಬೊಬ್ಬ ತಜ್ಞರು. ಎಲ್ಲರ ಚೀಟಿಗಳನ್ನೂ ಒಟ್ಟಿಗೆ ಓದಿದವರು ನೀವೊಬ್ಬರೇ.

ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದಲೂ ಕಾಲು ಊದಬಹುದು. ಆ ಊತಕ್ಕೆ ನೀರಿಳಿಸುವ ಮಾತ್ರೆ, ಅದರಿಂದ ಪೊಟ್ಯಾಸಿಯಂ ಇಳಿದರೆ ಇನ್ನೊಂದು ಮಾತ್ರೆ. ಈ ಸರಪಳಿಯನ್ನು ನಮಗೆ ಬಿಡಿಸಿ ಹೇಳಿದಿರಿ. ಮಂಡಿನೋವಿಗೆ ಅಪ್ಪ ನುಂಗುತ್ತಿದ್ದ ಐಬುಪ್ರೊಫೆನ್ ಕಿಡ್ನಿಗೂ ಹೃದಯಕ್ಕೂ ಕೆಟ್ಟದ್ದು ಎಂದು ಮೊದಲು ಅದನ್ನೇ ನಿಲ್ಲಿಸಿದಿರಿ. ಉಳಿದದ್ದನ್ನು ಆಯಾ ತಜ್ಞರಿಗೆ ಫೋನ್ ಮಾಡಿ, ಕೇಳಿಯೇ ಬದಲಿಸಿದಿರಿ. (ಅವರವರೇ ಮಾತಾಡಿಕೊಳ್ಳುತ್ತಾರೆ ಅಂತ ನಾವು ಸುಮ್ನೆ ನಂಬಿದ್ದೆವು!)

ಇದಕ್ಕಿಂತ ಜಾಸ್ತಿ ಋಣ ಡಯಾಲಿಸಿಸ್ ಮಾತು ಬಂದಾಗಿನದು. ಮಕ್ಕಳೆಲ್ಲ ಬಾಗಿಲ ಹೊರಗೆ ನಿಂತು ವಾದ ಮಾಡುತ್ತಿದ್ದೆವು. 'ಅಪ್ಪನಿಗೆ ಏನೂ ಹೇಳಬೇಡಿ' ಎಂದ ಅಣ್ಣ. ನೀವು ಸಿಟ್ಟಾಗಲಿಲ್ಲ. 'ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳೋಣ, ಅಲ್ವಾ?' ಎಂದು ಒಳಗೆ ಹೋಗಿ ಹಾಸಿಗೆ ಪಕ್ಕ ಕೂತಿರಿ.

ಅಪ್ಪನಿಗೆ ಎಲ್ಲವೂ ತಿಳಿಯಬೇಕಿತ್ತು. ಕೆಲವು ವಾರ ಮಾಡಿ ನೋಡುವುದು, ಸುಸ್ತು ತಗ್ಗದಿದ್ದರೆ ನಿಲ್ಲಿಸುವುದು. ಆ ಷರತ್ತು ಹಾಕಿದ್ದು ಅಪ್ಪನೇ. ನಿಲ್ಲಿಸಿದರೂ ಕೈಬಿಡುವುದಿಲ್ಲ, ಉಸಿರಾಟದ ಕಷ್ಟಕ್ಕೆ, ತುರಿಕೆಗೆ, ನೋವಿಗೆ ಔಷಧಿ ನಡೆಯುತ್ತದೆ ಎಂದು ಅಣ್ಣನಿಗೆ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದಿರಿ. ಅವನು ಒಪ್ಪಿದ್ದು ನಿಧಾನಕ್ಕೆ, ಪೂರ್ತಿ ಮನಸ್ಸಿನಿಂದಲೂ ಅಲ್ಲ.

ಆ ಮಾತುಕತೆಗೆ ಬಿಲ್ಲಿನಲ್ಲಿ ಒಂದು ಸಾಲೂ ಇರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಡಾಕ್ಟ್ರೇ, ಅಪ್ಪನ ಕಡೆಯಿಂದಲೂ.